ನಮಗೊಂದು ಮಾಪು

“ಇದು ಬೇಡಮ್ಮಾ. ಇದರ ಚಕ್ರ ನಾಲ್ಕು ದಿನ ಬಾಳಲ್ಲ,” ಎಂದು ಟೀಚರಮ್ಮನಿಗೆ ಹೇಳುತ್ತ ಒರೆಸೋ ಅಕ್ಕ ನೀಲಿ ಬಕೆಟ್ಟನ್ನು ಬೋರಲು ಹಾಕಿ, ಬೆರಳಿನಿಂದ ಚಕ್ರ ತಿರುಗಿಸಿದಳು. ಅದು ಅರ್ಧ ಸುತ್ತಿಗೇ ಮುನಿಸಿಕೊಂಡು ನಿಂತಿತು. ಅಂಗಡಿಯವನ ಮುಖ ಹುಳ್ಳಗಾಯಿತು.

ಟೀಚರಮ್ಮನ ಮನೆಯಿದ್ದ ಕಟ್ಟಡದ ಮೂರು ಮಹಡಿಗಳಿಗೂ ಅವಳು ಒರೆಸೋ ಅಕ್ಕ. ಹೆತ್ತವರು ಇಟ್ಟ ಹೆಸರು ಅವಳ ಮಗಳಿಗಾದರೂ ನೆನಪಿತ್ತೋ ಇಲ್ಲವೋ. ಹನ್ನೊಂದು ವರ್ಷ ಮಂಡಿಯೂರಿ, ಹಳೇ ಬಟ್ಟೆ ಹಿಂಡಿ, ಹಿಂದೆ ಹಿಂದೆ ಸರಿಯುತ್ತ ನೆಲ ಒರೆಸಿದವಳು. ಈಗ ಆ ಮಂಡಿಗಳೇ ಕೈಕೊಟ್ಟಿದ್ದವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಕೆಳಗಿನ ಎರಡು ಮನೆಯವರು “ವಯಸ್ಸಾಯ್ತಲ್ಲ, ಇನ್ನಾದ್ರೂ ಆರಾಮಾಗಿರಿ” ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಬಿಡಿಸಿದ್ದರು. ಉಳಿದದ್ದು ಟೀಚರಮ್ಮನ ಮನೆ ಒಂದೇ. ಇದೂ ಹೋದರೆ ಅಳಿಯನ ಮನೆಯ ಮೂಲೆ ಹಿಡಿಯಬೇಕು. ಅಳಿಯ ಕೆಟ್ಟವನೇನಲ್ಲ. ಆದರೆ ಅತ್ತೆ ಬಾಯಿಗಿಡುವ ಪ್ರತಿ ತುತ್ತನ್ನೂ ನೋಡುವವನು. ಅದಕ್ಕಿಂತ ತೆವಳಿಕೊಂಡಾದರೂ ಒರೆಸುವುದು ವಾಸಿ ಎಂದುಕೊಂಡಿದ್ದಳು.

ಹೀಗಿರುವಾಗ ಆ ದಿನ ಬೆಳಿಗ್ಗೆ ಟೀಚರಮ್ಮ, “ಅಕ್ಕಾ, ನಮಗೊಂದು ಮಾಪು, ಬಕೆಟ್ಟು ತಗೋಬೇಕು. ನಂಗೇನೂ ಗೊತ್ತಾಗಲ್ಲ, ನೀವೇ ಬಂದು ಆರಿಸಿಕೊಡಿ,” ಎಂದಿದ್ದರು.

ನಮಗೆ! ಆ ಒಂದು ಮಾತನ್ನು ಅಕ್ಕ ದಾರಿಯುದ್ದಕ್ಕೂ ಬಾಯಲ್ಲಿಟ್ಟ ಸಕ್ಕರೆಯ ಹಾಗೆ ಚಪ್ಪರಿಸಿಕೊಂಡು ಬಂದಳು. ಹಿಂದೊಮ್ಮೆ ಮಾಪಿನ ಸುದ್ದಿ ಬಂದಾಗ “ಕೋಲಲ್ಲಿ ಒರೆಸಿದ್ದೂ ಒಂದು ಒರೆಸಿದ್ದಾ?” ಎಂದು ಮೂಗು ಮುರಿದಿದ್ದವಳೂ ಅವಳೇ. ಈಗ ಹಾಗನ್ನಲು ಎಲ್ಲಿಯ ಸೊಕ್ಕು? ತನ್ನ ಮಂಡಿ ನೋಡಿ ಟೀಚರಮ್ಮ ಮರುಗಿದ್ದಾರೆ. ನಿಂತುಕೊಂಡೇ ಒರೆಸುವುದಾದರೆ ಇನ್ನೂ ಐದು ವರ್ಷ ದೂಡಬಹುದು. ಅವಳಿಗೆ ಅಳು ಬರುವಷ್ಟು ಖುಷಿಯಾಗಿತ್ತು.

ಅಂಗಡಿಯವನು ಇನ್ನೊಂದನ್ನು ತಂದ. “ಇದು ನೋಡಿ, ಕಾಲಲ್ಲಿ ಒತ್ತಿದ್ರೆ ತಾನೇ ಹಿಂಡುತ್ತೆ.”

“ಕಾಲು ನೆಟ್ಟಗಿದ್ದಿದ್ರೆ ನಿನ್ನ ಅಂಗಡಿಗ್ಯಾಕಪ್ಪಾ ಬರ್ತಿದ್ವಿ?”

ಕೊನೆಗೆ ಅವಳೇ ಕಪಾಟಿನ ಹಿಂದಿನಿಂದ ಒಂದನ್ನು ಎಳೆದಳು. ಸ್ಟೀಲಿನ ಜಾಲರಿ ಬುಟ್ಟಿ, ಮೇಲಿನಿಂದ ಕೋಲನ್ನು ಅದುಮಿದರೆ ಗಿರ್ರನೆ ತಿರುಗುತ್ತಿತ್ತು. ಮಾಪಿನ ಎಳೆಗಳನ್ನು ಜಗ್ಗಿ ನೋಡಿದಳು, ಒಂದೂ ಕಿತ್ತುಬರಲಿಲ್ಲ. ತಳದ ನೀರು ಬಿಡುವ ಬಿರಡೆಯನ್ನು ತೆಗೆದು ಹಾಕಿ ಪರೀಕ್ಷಿಸಿದಳು. ಕೋಲು ಮಲಗಿಸಿ ಮೇಜಿನ ಕೆಳಗೆ ಹಾಯಿಸಿ ತೋರಿಸಿದಳು.

“ಸೊಂಟ ಬಗ್ಗಿಸೋದೇ ಬೇಡ ನೋಡಿ ಅಮ್ಮಾ. ಮಗು ಕೈಗೆ ಕೊಟ್ರೂ ಒರೆಸುತ್ತೆ.”

“ಹೌದಾ ಅಕ್ಕಾ? ಅಭ್ಯಾಸ ಇಲ್ದೇ ಇರೋರಿಗೂ ಆಗುತ್ತಾ?”

ತನ್ನನ್ನೇ ಕೇಳುತ್ತಿದ್ದಾರೆ ಎಂದುಕೊಂಡ ಅಕ್ಕ ನಕ್ಕಳು. “ಅಭ್ಯಾಸ ಎಷ್ಟ್ ಹೊತ್ತಿನ ಮಾತು! ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ, ಹಂಗೆಲ್ಲ ನೆಪ ಹೇಳೋ ಹಾಗೇ ಇಲ್ಲ ಇದ್ರಲ್ಲಿ.”

ಟೀಚರಮ್ಮನ ಮುಖ ಹಗುರಾಯಿತು. ಅಂಗಡಿಯವನು ಕೋಲನ್ನು ಕೈಗೆತ್ತಿಕೊಂಡ. “ಇದನ್ನ ಉದ್ದ, ಗಿಡ್ಡ ಎರಡೂ ಮಾಡ್ಬಹುದು. ಹಿಡಿಕೆ ಎದೆ ಮಟ್ಟಕ್ಕೆ ಬರ್ಬೇಕು. ಯಾರ ಎತ್ತರಕ್ಕೆ ಬಿಗಿ ಮಾಡ್ಲಿ?”

ಅಕ್ಕ ಸೆರಗು ಸಿಕ್ಕಿಸಿಕೊಂಡು, ಬೆನ್ನು ಆದಷ್ಟು ನೆಟ್ಟಗೆ ಮಾಡಿ ಮುಂದೆ ಬಂದು ನಿಂತಳು.

“ನನ್ನ ಎತ್ತರಕ್ಕೆ ಮಾಡಿ,” ಎಂದರು ಟೀಚರಮ್ಮ, ಕೈಚೀಲದ ಜಿಪ್ಪು ನೋಡುತ್ತ.

ಟೀಚರಮ್ಮ ಅವಳಿಗಿಂತ ಒಂದು ತಲೆ ಎತ್ತರ. ಅಂಗಡಿಯವನು ಕೋಲು ಎಳೆದು ತಿರುವಿ ಬಿಗಿದ. ಹಿಡಿಕೆ ಅಕ್ಕನ ಗದ್ದದ ಹತ್ತಿರ ಬಂತು.

“ನಂಗೆ ಎತ್ತರ ಆಗುತ್ತಲ್ಲಮ್ಮಾ?”

“ಅಕ್ಕಾ... ಮನೇಲಿ ಹೇಳೋಣ ಅಂತಿದ್ದೆ. ನೀವು ಕಷ್ಟಪಡೋದು ನೋಡಕ್ಕಾಗಲ್ಲ. ನಾಳೆಯಿಂದ ನಾವೇ ಒರೆಸ್ಕೋತೀವಿ.”

ಬೆಳಿಗ್ಗೆ ಕೇಳಿದ ‘ನಮಗೆ’ಯೇ ಈ ‘ನಾವು’. ಅದರೊಳಗೆ ಅಕ್ಕ ಇರಲಿಲ್ಲ, ಅಷ್ಟೇ. ಬೆಳಿಗ್ಗೆಯೂ ಇರಲಿಲ್ಲ.

“ಇದ್ರಲ್ಲಾದ್ರೆ ನಾನೂ ಒರೆಸ್ತೀನಮ್ಮಾ. ನಿಂತ್ಕೊಂಡೇ ಆಗುತ್ತಲ್ಲ.”

“ನೀವೇ ಹೇಳಿದ್ರಲ್ಲ ಅಕ್ಕಾ, ಮಗು ಕೂಡ ಒರೆಸುತ್ತೆ ಅಂತ,” ಎಂದರು ಟೀಚರಮ್ಮ. ಕುಹಕವೇನಿರಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅಕ್ಕ ಬಕೆಟ್ಟು ಎತ್ತಿಕೊಂಡಳು.

ಮನೆಗೆ ಬಂದಮೇಲೆ ಕಲಿಸಿಕೊಡುವ ಕೆಲಸವೂ ಅವಳ ಪಾಲಿಗೇ ಬಂತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಂದೊಂದಾಗಿ ಹೇಳಿದಳು. ನೀರು ಇಷ್ಟೇ ಸಾಕು, ಎರಡು ಸಲ ಅದುಮಿ, ಒಳಗಿಂದ ಶುರುಮಾಡಿ ಬಾಗಿಲ ಕಡೆಗೆ ಸರೀತಾ ಹೋಗಿ. ಟೀಚರಮ್ಮ ಒಳ್ಳೆಯ ವಿದ್ಯಾರ್ಥಿನಿ. ಹೇಳಿದ್ದನ್ನೆಲ್ಲ ಹೇಳಿದಂತೆಯೇ ಮಾಡುತ್ತ, ಹಿಂದೆ ಹಿಂದೆ ಸರಿಯುತ್ತ ಮುಂಬಾಗಿಲು ಮುಟ್ಟಿದರು. ಬೆವರಿದ ಮುಖದಲ್ಲಿ ಗೆದ್ದ ನಗು ಇತ್ತು.

ಇನ್ನು ಹೊರಡೋಣವೆಂದು ಅಕ್ಕ ಹೊಸ್ತಿಲಿನಿಂದ ಕಾಲು ಎತ್ತಿದಳು.

“ಅಕ್ಕಾ, ತುಳೀಬೇಡಿ! ಒದ್ದೆ ಇದೆ!”

ಹನ್ನೊಂದು ವರ್ಷ ಆ ಮನೆಯಲ್ಲಿ ಹಾಗೆ ಕೂಗುತ್ತಿದ್ದವಳು ಅವಳು. ಟೀಚರಮ್ಮನಿಗೂ, ಅವರ ಯಜಮಾನರಿಗೂ, ಬಂದ ನೆಂಟರಿಗೂ. ಎತ್ತಿದ ಕಾಲನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಸೋಫಾದ ಕಾಲಿನ ಬಳಿ ಒಂದು ಗೇಣು ಜಾಗ ಒರೆಸದೆ ಉಳಿದಿತ್ತು. ಹೇಳಲಿಲ್ಲ. ಗೋಡೆಗೆ ಕೈಯೂರಿ, ಒಂದು ಮಂಡಿಯ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಳು. ಹೊರಗೆ ಮೋಡ ಕವಿದಿತ್ತು. ನೆಲ ಬೇಗ ಒಣಗುವ ಹಾಗಿರಲಿಲ್ಲ.