ಕಮಾನಿನ ಈಚೆ

ಗುಡ್ಡದ ಮೆಟ್ಟಿಲಷ್ಟನ್ನೂ ಹತ್ತಿ, ಇನ್ನೇನು ಗುಡಿಯ ಹೆಬ್ಬಾಗಿಲಾದ ‘ತೋರಿ’ ಕಮಾನಿನೊಳಗೆ ಕಾಲಿಡಬೇಕು, ಮಾಸಾಯೊಗೆ ಥಟ್ಟನೆ ನೆನಪಾಯಿತು: ತಾನು ಸೂತಕದವಳು. ಗಂಡ ತೀರಿಕೊಂಡು ತಿಂಗಳೂ ತುಂಬಿಲ್ಲ. ಸಾವಿನ ಮೈಲಿಗೆ ಹೊತ್ತುಕೊಂಡು ಕಡಲ ದೇವರ ಗುಡಿಯೊಳಗೆ ಹೋಗುವಂತಿಲ್ಲ. ಮುತ್ತಜ್ಜರ ಮುತ್ತಜ್ಜರ ಕಾಲದಿಂದ ಊರಿನ ಕೂಸುಮರಿಗೂ ಗೊತ್ತಿರುವ ಮಾತು. ಆದರೆ ಕಾಲಿಗೆ ಗೊತ್ತಾಗಬೇಕಲ್ಲ! ಮದುವೆಯಾಗಿ ಬಂದಂದಿನಿಂದ, ಮನೆಯ ದೋಣಿ ಹೊರಡುವ ಮುಂಜಾನೆಯೆಲ್ಲ ಇಲ್ಲಿಗೆ ಹತ್ತಿದ ಕಾಲು. ಇವತ್ತೂ ಹೇಳದೆ ಕೇಳದೆ ಹತ್ತಿಬಿಟ್ಟಿತ್ತು.

ಅವಳಲ್ಲಿ ಅಳುವಷ್ಟು ತ್ರಾಣವೂ ಇರಲಿಲ್ಲ. ಆಸ್ಪತ್ರೆ, ಸಾವು, ಬಂದವರಿಗೆಲ್ಲ ಚಹಾ, ತಲೆಬಾಗಿ ತಲೆಬಾಗಿ ಸೊಂಟ ಬಿದ್ದುಹೋಗಿತ್ತು. ಕೆಳಗೆ ಬಂದರಿನಲ್ಲಿ ಮಗ ಗೊರೊ, ಅಪ್ಪನಿಲ್ಲದೆ ಮೊದಲ ಸಲ ದೋಣಿ ಬಿಡಲು ನಿಂತಿದ್ದ. ಅವನಿಗೂ ಅದೇ ಸೂತಕ. ದೇವರೆದುರು ಎರಡು ಸಲ ಕೈ ತಟ್ಟಿ, ಅವನ ಹೆಸರು ಹೇಳಿ ಯಾರೂ ಬೇಡಿಕೊಳ್ಳದೆ ಅವನನ್ನು ಕಡಲಿಗೆ ಕಳಿಸುವುದು ಹೇಗೆ?

"ಏನೇ, ದೇವರು ಬಾಗಿಲು ಹಾಕ್ಕೊಂಡನೇನು?"

ಕಮಾನಿನ ಈಚೆ ಕಲ್ಲುಬೆಂಚಿನ ಮೇಲೆ ಪಕ್ಕದ ಮನೆಯ ಶಿಗೆನೊ ಕೂತಿದ್ದಳು. ಮಗ ನಾವೊಕಿಯನ್ನು ಕಡಲು ನುಂಗಿದ ಮೇಲೆ ಆಕೆ ಈ ಕಮಾನು ದಾಟಿದವಳಲ್ಲ. ದಿನಾ ಇಲ್ಲಿಯವರೆಗೆ ಬರುವುದು, ದೇವರಿಗೆ ಬೆನ್ನು ಹಾಕಿ ಕೂರುವುದು. ಹಟ ಅಂದರೆ ಹಟ.

"ಸೂತಕ ಕಣಕ್ಕಾ. ಮರೆತು ಬಂದ್ಬಿಟ್ಟೆ."

"ಕೂತ್ಕೋ ಬಾ. ಮುಖ ನೋಡು, ಒಣಮೀನಿನ ಹಾಗಾಗಿದೆ."

ಮಾಸಾಯೊ ಕೂರಲಿಲ್ಲ. "ಅಕ್ಕಾ, ನೀನು ಒಳಗೆ ಹೋಗಿ ಗೊರೊ ಹೆಸರು ಹೇಳ್ತೀಯಾ?" ಎಂದವಳೇ ನಾಲಿಗೆ ಕಚ್ಚಿಕೊಂಡಳು.

"ನಾನಾ? ಊರಲ್ಲಿ ಬೇರೆ ಯಾರೂ ಸಿಗಲಿಲ್ವೇನೇ ನಿಂಗೆ?"

"ಹೊತ್ತಿಲ್ಲಕ್ಕಾ. ದೋಣಿ ಹೊರಡ್ತಾ ಇದೆ."

ಶಿಗೆನೊ ಮಂಡಿ ಹಿಡಿದುಕೊಂಡು ಎದ್ದಳು. "ಆ ದೇವರ ಮುಖ ನೋಡೋಕೆ ಹೋಗ್ತಿಲ್ಲ, ತಿಳ್ಕೋ. ನಿನ್ನ ಮುಖ ನೋಡೋಕಾಗದೆ ಹೋಗ್ತಿದೀನಿ," ಎಂದು ಗೊಣಗುತ್ತ ಕಮಾನು ದಾಟಿದಳು.

ಮಾಸಾಯೊ ಹೊರಗೇ ನಿಂತು ಕಿವಿಗೊಟ್ಟಳು. ಎರಡು ಚಪ್ಪಾಳೆ ಕೇಳಿಸಿತು. ತುಸು ಹೊತ್ತು ಏನೂ ಇಲ್ಲ. ಮತ್ತೆ ಎರಡು.

ತಿರುಗಿ ಬಂದ ಶಿಗೆನೊಳ ಕಣ್ಣು ಕೆಂಪಾಗಿತ್ತು.

"ಹಾಳು ಬಾಯಿ ಕಣೇ. ಮೊದಲು ನಾವೊಕಿ ಹೆಸರೇ ಬಂತು. ಸಂಜೆಯೊಳಗೆ ಮನೆಗೆ ಕಳಿಸು ಅಂತ ಕೇಳ್ಬಿಟ್ಟೆ. ಆಮೇಲೆ ಇನ್ನೊಂದು ಸಲ ಕೈ ತಟ್ಟಿ ನಿನ್ನ ಗೊರೊದು ಹೇಳ್ದೆ."

ಕೆಳಗೆ ದೋಣಿಯ ಹಾರನ್ ಕೂಗಿತು. ಮಾಸಾಯೊ ಈಗ ಬೆಂಚಿನ ಮೇಲೆ ಕುಸಿದು ಕೂತಳು. ಶಿಗೆನೊಳನ್ನೂ ಕೈ ಹಿಡಿದು ಕೂರಿಸಿಕೊಂಡಳು. ದೋಣಿ ಕಣ್ಮರೆಯಾಗುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.