ಸೇತುವೆ ದಾಟಿದ ಹುಂಜ

ನಮ್ಮ ರೇಗನ್ಸ್‌ಬುರ್ಗಿನ ಕಲ್ಲು ಸೇತುವೆ ಕಟ್ಟಿದ ಮೇಸ್ತ್ರಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದನಂತೆ. ಕೆಲಸ ಬೇಗ ಮುಗಿಸಿಕೊಟ್ಟರೆ, ಸೇತುವೆಯನ್ನು ಮೊದಲು ದಾಟುವ ಮೂರು ಜೀವ ಅವನಿಗೆ. ಸೇತುವೆ ಮುಗಿದ ದಿನ ಮೇಸ್ತ್ರಿ ಒಂದು ಹುಂಜ, ಒಂದು ಹೇಂಟೆ, ಒಂದು ನಾಯಿಯನ್ನು ಮುಂದೆ ಅಟ್ಟಿದ. ಸೈತಾನ ಬೇಸ್ತು ಬಿದ್ದ. ಡ್ಯಾನ್ಯೂಬ್ ನದಿಯ ನಡುಮಧ್ಯೆ ನಿಂತು ಪ್ರವಾಸಿಗರಿಗೆ ಈ ಕಥೆ ಹೇಳುವುದೇ ನನ್ನ ಹೊಟ್ಟೆಪಾಡು. ಎಲ್ಲರೂ ಮೇಸ್ತ್ರಿಯ ಜಾಣತನಕ್ಕೆ ನಗುತ್ತಾರೆ. ನಾನೂ ನಗುತ್ತಿದ್ದೆ. ಹುಂಜದ ಗತಿ ಏನಾಯಿತು ಅಂತ ಒಬ್ಬರೂ ಕೇಳಿದ್ದಿಲ್ಲ, ನನಗೂ ಹೊಳೆದಿರಲಿಲ್ಲ.

ಊರು ತೋರಿಸುವ ಈ ನಡಿಗೆಗಳನ್ನು ಶುರು ಮಾಡಿದವರು ನಾನು ಮತ್ತು ಕೋರ್ಬಿನಿಯನ್. ಶಾಲೆಯಲ್ಲಿ ಒಂದೇ ಬೆಂಚು. ನನ್ನ ಮಗಳ ಜ್ಞಾನಸ್ನಾನದ ದಿನ ಅವಳನ್ನು ತೋಳಲ್ಲಿ ಹಿಡಿದು ಧರ್ಮಪಿತನಾಗಿ ನಿಂತವನು ಅವನೇ. ಜನ ಹುಡುಕಿ ತರುವುದು ಅವನ ಕೆಲಸ, ಬಾಯಿ ನನ್ನದು. ಆಚೆ ದಂಡೆಯ ದೊಡ್ಡ ಚರ್ಚು, ರೋಮನ್ನರ ಹೆಬ್ಬಾಗಿಲು, ನದಿಯ ಪಕ್ಕದ ಸಾಸೇಜ್ ಅಂಗಡಿ ಇವನ್ನೆಲ್ಲ ಯಾರು ಬೇಕಾದರೂ ತೋರಿಸಬಹುದು. ನಮ್ಮ ನಡಿಗೆಗೆ ಹೆಸರು ಬಂದದ್ದು ಸೇತುವೆಯ ಈಚೆ, ಸ್ಟಾಟಮ್‌ಹೋಫ್ ಕೇರಿಯಲ್ಲಿರುವ ಆಫ್ರಾ ಅತ್ತೆಯ ಅಂಗಳದಿಂದ.

ಅತ್ತೆ ಎಂದರೆ ರಕ್ತಸಂಬಂಧವಲ್ಲ. ಇಡೀ ಬೀದಿಗೇ ಅವಳು ಅತ್ತೆ. ಮನೆ ಕೋರ್ಬಿನಿಯನ್ನನದು, ಅವನ ಅಪ್ಪನಿಂದ ಬಂದದ್ದು. ಅವಳು ಮದುವೆಯಾಗಿ ಬಂದಾಗಿನಿಂದ ಮೇಲಿನ ಅಂತಸ್ತಿನ ಬಾಡಿಗೆಯವಳು. ಕೆಳಗೆ ಅಂಗಳ, ಬಾವಿ, ಕಪ್ಪಾದ ಮರದ ಮೊಗಸಾಲೆ. ಮಂಡಿ ನೋವಿನಿಂದಾಗಿ ಅವಳು ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ. ನಾನು ಅದರಲ್ಲಿ ಬೆಳಗಿನ ಬನ್ನು ಇಡುತ್ತೇನೆ, ಮಧ್ಯಾಹ್ನ ನಮ್ಮ ಜನಕ್ಕೆ ಅದೇ ಬುಟ್ಟಿಯಲ್ಲಿ ಪ್ಲಮ್ ಹಣ್ಣಿನ ಕೇಕು ಇಳಿಯುತ್ತದೆ. ಪ್ರವಾಸಿಗರಿಗೆ ಸಂಭ್ರಮವೋ ಸಂಭ್ರಮ, ಫೋನು ಎತ್ತಿ ಹಿಡಿದುಕೊಂಡು ಕಾಯುತ್ತಾರೆ. ಅಂಗಳದ ಬಾಗಿಲಿನ ಬೀಗದ ಕೈಯನ್ನು ಅತ್ತೆ ನನಗೆ ಕೊಟ್ಟಿದ್ದಳು. ಮನೆ ಒಡೆಯನಿಗೂ ಕೊಟ್ಟಿರಲಿಲ್ಲ. ಮನೆ ನೋಡಲೆಂದು ಬಂದ ದಲ್ಲಾಳಿಗಳ ತಲೆಗೆ ಒಮ್ಮೆ ಪಾತ್ರೆ ತೊಳೆದ ನೀರು ಸುರಿದವಳು ಅವಳು.

"ಅದು ನಿನ್ನ ಮನೆ ಕಣೋ, ಆದ್ರೆ ಬಾಗಿಲು ನಂದು," ಎಂದು ಕೋರ್ಬಿನಿಯನ್ನನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು.

"ಅತ್ತೆ, ನೀನಿರೋವರೆಗೂ ಒಂದು ಇಟ್ಟಿಗೆ ಅಲ್ಲಾಡಲ್ಲ," ಎಂದು ಅವನು ನಗುತ್ತಿದ್ದ. ನಾನು ಅದನ್ನು ನಂಬಿದ್ದೆ.

ಪ್ಲಮ್ ಹಣ್ಣಾಗುವ ಕಾಲದಲ್ಲಿ ಅವನು ಒಂದು ವಿಶೇಷ ಗುಂಪಿದೆ ಎಂದ. "ಮ್ಯೂನಿಕ್ಕಿನವರು ಕಣೇ ಬುರ್ಗಿ. ಹಳೇ ಮನೆಗಳು ಅಂದ್ರೆ ಪ್ರಾಣ. ಅತ್ತೆಗೆ ಹೇಳಿ ಒಳಗೂ ತೋರ್ಸು. ನೀನು ಕೇಳಿದ್ರೆ ಇಲ್ಲ ಅನ್ನಲ್ಲ."

ನಾನು ಕೇಳಿದೆ. ಅತ್ತೆ ಇಲ್ಲ ಅನ್ನಲಿಲ್ಲ. ನಾಲ್ಕು ಜನ, ಒಳ್ಳೆ ಬೂಟು, ಮೆತ್ತಗಿನ ಮಾತು. ಸೇತುವೆಯ ಮೇಲೆ ಹುಂಜದ ಕಥೆಗೆ ಅಷ್ಟೇನೂ ನಗಲಿಲ್ಲ. ಅತ್ತೆಯ ಮನೆಯೊಳಗೆ ಹೋದ ಮೇಲೆ ಅವರ ಕಣ್ಣರಳಿತು. ಗೋಡೆ ಎಷ್ಟು ದಪ್ಪ, ತೊಲೆಗೆ ಹುಳು ಬಿದ್ದಿದೆಯಾ, ನೀರಿನ ಕೊಳವೆ ಯಾವಾಗ ಹಾಕಿದ್ದು, ನದಿ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂತು? ಎಲ್ಲದಕ್ಕೂ ನಾನು ಉತ್ತರ ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ. ಇಷ್ಟು ಮನಸಿಟ್ಟು ಕೇಳುವವರು ನನಗೆ ಯಾವತ್ತು ಸಿಕ್ಕಿದ್ದರು? ಅತ್ತೆ ತನ್ನ ಮಲಗುವ ಕೋಣೆಯ ಬಾಗಿಲನ್ನೂ ತೆಗೆದು, ಸತ್ತ ಗಂಡ ಮಾಡಿದ ಮರದ ಬೀರು ತೋರಿಸಿದಳು. ಅವರಲ್ಲಿ ಕನ್ನಡಕದವನೊಬ್ಬ ಎರಡನೇ ಸಲ ಕೇಕು ಹಾಕಿಸಿಕೊಂಡು ತಿಂದ.

ಕೆಲವು ದಿನದ ಮೇಲೆ ಅದೇ ಕನ್ನಡಕದವನು ಬೀದಿಯಲ್ಲಿ ಅಳತೆಯ ಟೇಪು ಹಿಡಿದು ಮನೆಯ ಮುಂದೆ ನಿಂತಿದ್ದ. ಪಕ್ಕದಲ್ಲಿ ಕೋರ್ಬಿನಿಯನ್ ಅವನ ಕೈ ಕುಲುಕುತ್ತಿದ್ದ. ನನ್ನನ್ನು ಕಂಡು ಕೋರ್ಬಿನಿಯನ್ನನ ಮುಖ ಒಂದು ಗಳಿಗೆ ಕಪ್ಪಿಟ್ಟಿತು, ಆಮೇಲೆ ಸರಿಹೋಯಿತು.

ಬಿಯರ್ ಅಂಗಡಿಯಲ್ಲಿ ನಮ್ಮಿಬ್ಬರದು ಅಂತಲೇ ಒಂದು ಮೇಜಿದೆ, ಅಲ್ಲಿ ಬೇರೆಯವರು ಕೂರುವುದಿಲ್ಲ. ಅಲ್ಲಿಗೇ ಅವನನ್ನು ಎಳೆದುಕೊಂಡು ಹೋದೆ.

"ಮಾರಿದ್ಯಾ?"

"ಮಾರ್ದೆ. ಪ್ರವಾಸಿಗರಿಗೆ ತಂಗೋ ಮನೆ ಮಾಡ್ತಾರೆ. ಬುಟ್ಟಿ ಹಾಗೇ ಇಟ್ಕೋತಾರಂತೆ, ಜನಕ್ಕೆ ಇಷ್ಟ ಆಗುತ್ತೆ."

"ಅತ್ತೆ?"

"ಕ್ರಿಸ್‌ಮಸ್ ಒಳಗೆ ಬಿಡ್ಬೇಕು. ಪರಿಹಾರ ಕೊಡ್ತಾರೆ ಕಣೇ. ಮಂಡಿ ನೋವಿನೋಳಿಗೆ ಮಹಡಿ ಮೆಟ್ಲು ಯಾಕೆ ಬೇಕು ಹೇಳು?"

"ನಾನೇ ಅವ್ರನ್ನ ಒಳಗೆ ಕರ್ಕೊಂಡು ಹೋಗೋ ಹಾಗೆ ಮಾಡ್ದೆ ನೀನು."

"ನೀನಿಲ್ದಿದ್ರೆ ಆ ಮುದುಕಿ ಬಾಗ್ಲು ತೆಗೀತಿದ್ಲಾ? ಒಳಗೆ ನೋಡ್ದೆ ಯಾವನು ಕೊಂಡ್ಕೋತಾನೆ?"

"ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲೋ."

ಅವನು ಲೋಟ ಕೆಳಗಿಟ್ಟು, ಪ್ರೀತಿಯಿಂದಲೇ ಅನ್ನಬೇಕು, ನನ್ನನ್ನು ನೋಡಿದ. "ಹೇಳಿದ್ರೆ ನಿನ್ನ ಮುಖ ನೋಡೇ ಅವ್ಳಿಗೆ ಗೊತ್ತಾಗೋದು. ನಿಂಗೆ ಸುಳ್ಳು ಹೇಳೋಕೆ ಬರಲ್ಲ ಬುರ್ಗಿ. ಯಾವತ್ತೂ ಬಂದಿಲ್ಲ."

ಮೈಯೆಲ್ಲ ಉರಿಯಿತು. ಹೊಡೆದುಬಿಡೋಣ ಅನ್ನಿಸಿತು. ಇವನು ನನ್ನ ನಾಲಿಗೆಯನ್ನು ಬಳಸಿಕೊಂಡಿದ್ದರೆ ಸಹಿಸುತ್ತಿದ್ದೆನೇನೋ. ಬಳಸಿಕೊಂಡದ್ದು ನನ್ನ ಮುಖವನ್ನು. ಅತ್ತೆ ನೋಡಿ ಬಾಗಿಲು ತೆಗೆಯುತ್ತಿದ್ದ ಈ ಮುಖವನ್ನು. "ನನ್ನ ಮಗಳ ಹೆಸರು ಇನ್ನು ನಿನ್ನ ಬಾಯಲ್ಲಿ ಬರ್ಬಾರ್ದು," ಎಂದು ಎದ್ದು ಬಂದೆ. ಆ ಮೇಜಿಗೆ ಮತ್ತೆ ಹೋಗಿಲ್ಲ.

ಮರುದಿನದ ಗುಂಪು ಮೊದಲೇ ಹೇಳಿಟ್ಟವರು, ದೂರದಿಂದ ಬಂದವರು, ನಮ್ಮ ಕೇರಿಯ ಮಾತು ತಿಳಿಯದವರು. ಬಿಡುವ ಹಾಗಿರಲಿಲ್ಲ. ಸೇತುವೆಯ ನಡುವೆ ಬಂದಾಗ ಹುಂಜದ ಕಥೆ ಶುರು ಮಾಡಿದೆ. ಮೇಸ್ತ್ರಿ ಅದನ್ನು ಅಟ್ಟುವ ಜಾಗಕ್ಕೆ ಬಂದು ಕಥೆ ನಿಲ್ಲಿಸಿದೆ. ಆ ಹುಂಜಕ್ಕೆ ದಿನಾ ಕಾಳು ಹಾಕುತ್ತಿದ್ದವನು ಮೇಸ್ತ್ರಿಯೇ ಇರಬೇಕು, ಇಲ್ಲದಿದ್ದರೆ ಅವನು ಹೇಳಿದ ಕಡೆ ಅದು ಯಾಕೆ ಹೋಗುತ್ತಿತ್ತು? "ಆಮೇಲೆ?" ಎಂದು ಒಬ್ಬಳು ಕೇಳಿದಳು. ದಾಟಿತು ಅಷ್ಟೆ, ಎಂದು ಮುಂದೆ ನಡೆದೆ.

ಅಂಗಳದ ಬಾಗಿಲ ಮುಂದೆ ನಿಂತಾಗ ಅತ್ತೆ ಕಿಟಕಿಯಲ್ಲಿದ್ದಳು. ನನ್ನ ಹಿಂದೆ ಫೋನುಗಳು ಮೇಲೆದ್ದವು. ಬುಟ್ಟಿ ನಿಧಾನವಾಗಿ ಇಳಿದು ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಖಾಲಿ ಇತ್ತು.

"ಬೀಗದ ಕೈ ಹಾಕು," ಎಂದಳು.

"ಅತ್ತೆ, ದೇವರಾಣೆಗೂ ನಂಗೆ ಗೊತ್ತಿರ್ಲಿಲ್ಲ. ಮನೆ ವಿಷ್ಯ ವಕೀಲರ ಹತ್ರ ಹೋಗೋಣ, ನಾನೇ ಕರ್ಕೊಂಡು ಹೋಗ್ತೀನಿ."

"ಮನೆ ಬಿಡೋ ನೋಟೀಸು ಬಂತು, ವಕೀಲರ ಹತ್ರ ನಾನೇ ಹೋಗ್ತೀನಿ. ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತು ಕಣೇ. ಗೊತ್ತಿದ್ದಿದ್ರೆ ನಿನ್ನ ಮುಖದಲ್ಲೇ ಕಾಣ್ತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಅದಕ್ಕೇ ಹೇಳ್ತಿರೋದು, ಹಾಕು. ನಿನ್ನ ಹಿಂದೆ ಯಾರು ಬರ್ತಿದಾರೆ ಅಂತ ನಿಂಗೇ ಗೊತ್ತಿರಲ್ಲ."

ಕೊರಳಿಗೆ ಹಾಕಿಕೊಂಡಿದ್ದ ದಾರದಿಂದ ಬೀಗದ ಕೈ ಬಿಚ್ಚಿ ಬುಟ್ಟಿಯಲ್ಲಿಟ್ಟೆ. ಬುಟ್ಟಿ ಗೋಡೆಗೆ ತಾಗುತ್ತಾ ಮೇಲೆ ಹೋಯಿತು. ಅತ್ತೆ ಅದನ್ನು ಒಳಗೆ ಎಳೆದುಕೊಂಡು ಕಿಟಕಿ ಮುಚ್ಚಿದಳು. ನನ್ನ ಹಿಂದೆ ಎಲ್ಲರೂ ಚಪ್ಪಾಳೆ ತಟ್ಟಿದರು.