ಸೊರೆ ಬಿಡುವ ಹೊತ್ತು

ಕುಸುಮಳಿಗೆ ನಿದ್ದೆ ಬರುತ್ತಿರಲಿಲ್ಲ ಎಂದಲ್ಲ, ಎಲ್ಲೆಂದರಲ್ಲಿ ಬರುತ್ತಿತ್ತು. ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ಬರುತ್ತಿತ್ತು, ಒಲೆ ಮುಂದೆ ಹಿಟ್ಟು ತೊಳಸುವಾಗ ಬರುತ್ತಿತ್ತು, ಸೋಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಮಿಷಿನ್ನಿನ ಮುಂದೆ ಕಣ್ಣು ಬಿಟ್ಟುಕೊಂಡೇ ಬರುತ್ತಿತ್ತು. ಹಾಸಿಗೆಗೆ ಬಿದ್ದಾಗ ಮಾತ್ರ ಅದು ಎಲ್ಲಿಗೋ ಹೋಗಿರುತ್ತಿತ್ತು. ಐದು ತಿಂಗಳ ಕೂಸು ಅಮೃತ ಎದೆಗೆ ಬಾಯಿ ಹಾಕಿ, ಒಂದಷ್ಟು ಚೀಪಿ, ಏನೂ ಸಿಗದೆ ಅಳುತ್ತಿದ್ದರೆ ಯಾವ ತಾಯಿಗೆ ತಾನೇ ಕಣ್ಣು ಹತ್ತೀತು?

ಹಾಲು ಬತ್ತುತ್ತಿತ್ತು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂದಿತ್ತು. ಹೀಗೇ ಆದರೆ ಕೂಸು ಪೂರ್ತಿ ಡಬ್ಬಿ ಹಾಲಿಗೆ ಬೀಳುತ್ತದೆಂದು ಕುಸುಮಳಿಗೆ ಗೊತ್ತಿತ್ತು. ಡಬ್ಬಿ ಹಾಲು ಕುಡಿದ ಮಕ್ಕಳು ಬೆಳೆಯುವುದಿಲ್ಲವೇ ಅಂದರೆ, ಬೆಳೆಯುತ್ತವೆ. ಆದರೆ ಬೆಳಗಿನಿಂದ ಸಂಜೆಯ ತನಕ ಮಗಳನ್ನು ಬಿಟ್ಟಿರುವವಳಿಗೆ, ಮನೆಗೆ ಬಂದು ಕೊಡಲು ತನ್ನದೇ ಅಂತ ಇದ್ದದ್ದು ಅದೊಂದೇ. ಅದೂ ಹೋದರೆ ತಾನು ಆ ಮನೆಗೆ ರಾತ್ರಿ ಮಲಗಲು ಬರುವ ನೆಂಟರ ಹಾಗಾಗುತ್ತೇನೆ ಎನ್ನಿಸುತ್ತಿತ್ತು.

ಅತ್ತೆ ಅಂಕಮ್ಮನ ವೈದ್ಯವೆಲ್ಲ ಮುಗಿದಿತ್ತು. ಸಬ್ಬಸಿಗೆ ಸೊಪ್ಪಾಯಿತು, ಮೆಂತ್ಯದ ಗಂಜಿಯಾಯಿತು, ಸುಟ್ಟ ಬೆಳ್ಳುಳ್ಳಿಯಾಯಿತು. ಕುಸುಮಳ ಬೆವರೂ ಬೆಳ್ಳುಳ್ಳಿ ನಾರತೊಡಗಿತೇ ಹೊರತು ಹಾಲು ಹೆಚ್ಚಲಿಲ್ಲ. ಅಂಕಮ್ಮನ ಬಾಯಿಗೆ ಬೀಗವಿರಲಿಲ್ಲ. "ಮನ್ಸಿದ್ರೆ ಹಾಲು ತಾನೇ ಇಳೀತದೆ ಕಣಮ್ಮಿ. ನಿನ್ ಮನ್ಸೆಲ್ಲ ಫ್ಯಾಕ್ಟ್ರೀಲದೆ," ಎಂದುಬಿಟ್ಟಿದ್ದಳು. ಆ ಮಾತು ಕುಸುಮಳ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

ಮದ್ದೂರಿನ ಆಸ್ಪತ್ರೆಯ ಶೋಭಿತಾ ಸಿಸ್ಟರು ಹೇಳಿದ್ದು ಬೇರೆ. ಹಾಲು ಊರುವುದು ಎದೆಯಲ್ಲಾದರೂ ಅದಕ್ಕೆ ಅಪ್ಪಣೆ ಬರುವುದು ತಲೆಯಿಂದ. ಕೂಸು ಚೀಪಿದ ಸುದ್ದಿಯನ್ನು ನರ ಮೇಲಕ್ಕೆ ಒಯ್ಯುತ್ತದೆ. ಮಿದುಳಿನ ಬುಡದಲ್ಲಿ ಅವರೆಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ. ಅದು ರಕ್ತಕ್ಕೆ ಎರಡು ರಸ ಬಿಡುತ್ತದೆ. ಒಂದು ಹಾಲು ಊರಿಸುವುದು, ಇನ್ನೊಂದು ಊರಿದ್ದನ್ನು ಇಳಿಸುವುದು. "ಹೆದ್ರಿಕೆ, ನಾಚ್ಕೆ, ಗಾಬ್ರಿ ಇದ್ರೆ ಆ ಎರಡನೇದು ಕೈಕೊಡುತ್ತೆ. ಹಾಲು ಇಳೀದೆ ಒಳಗೇ ನಿಂತ್ರೆ, ಇಷ್ಟು ಸಾಕು ಅಂದ್ಕೊಂಡು ದೇಹ ಹಾಲು ಮಾಡೋದನ್ನೇ ಕಮ್ಮಿ ಮಾಡುತ್ತೆ. ಮಧ್ಯಾಹ್ನ ಒಂದ್ಸಲ ಹಿಂಡಿ ತೆಗಿ. ಮನಸ್ಸು ನೆಮ್ಮದಿಯಾಗಿಟ್ಕೊಳಮ್ಮ," ಎಂದಿದ್ದರು. ಆ ನೆಮ್ಮದಿ ಯಾವ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆಂದು ಮಾತ್ರ ಅವರ ಚೀಟಿಯಲ್ಲಿ ಬರೆದಿರಲಿಲ್ಲ.

ಕುಸುಮ ಪ್ರಯತ್ನವೇನೋ ಮಾಡಿದಳು. ಊಟದ ಬಿಡುವಿನಲ್ಲಿ ಸ್ಟೀಲ್ ಲೋಟವನ್ನು ವೇಲಿನೊಳಗೆ ಮರೆಮಾಡಿಕೊಂಡು ಟಾಯ್ಲೆಟ್ಟು ಸೇರುತ್ತಿದ್ದಳು. ಹೊರಗೆ ಹೆಂಗಸರ ಸಾಲು. "ಒಳ್ಗೇನ್ ಮನೆ ಕಟ್ತಾ ಇದ್ದೀಯೇನಮ್ಮಿ?" ಎಂದು ಯಾರೋ ಬಾಗಿಲು ಬಡಿಯುತ್ತಿದ್ದರು. ಎದೆ ಕಲ್ಲಾಗಿ ನೋಯುತ್ತಿದ್ದರೂ ಲೋಟಕ್ಕೆ ಒಂದು ತೊಟ್ಟು ಬೀಳುತ್ತಿರಲಿಲ್ಲ. ಅದೇ, ಮಿಷಿನ್ನಿಗೆ ಬಂದು ಕೂತ ಮೇಲೆ ಸೂಪರ್‌ವೈಸರನ ಮೊಬೈಲು ಕೂಸು ಕೇಕೆ ಹಾಕುವ ರಿಂಗ್‌ಟೋನಿನಲ್ಲಿ ಬಡಿದುಕೊಂಡಿತೋ, ಆಗ ಬರುತ್ತಿತ್ತು ನೋಡಿ, ಹೇಳುವವರು ಕೇಳುವವರು ಇಲ್ಲದ ಹಾಗೆ. ಮೈಮೇಲಿನ ಬಟ್ಟೆಯೆಲ್ಲ ಒದ್ದೆ. ಕಟಿಂಗಿನ ಚಿಂದಿ ಮಡಚಿ ಒಳಗೆ ತುರುಕಿಕೊಂಡು, ತಲೆ ತಗ್ಗಿಸಿ ಕಾಲರ್ ಹೊಲಿಯುತ್ತಿದ್ದಳು. ಮಗಳಿಗೆ ಸೇರಬೇಕಾದ್ದು ಚಿಂದಿಗೆ ಸೇರುತ್ತಿತ್ತು.

ಮನೆಯ ಎಮ್ಮೆಯ ಕಥೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಅದರ ಕರು ಸತ್ತುಹೋಗಿತ್ತು. ಕರು ಬಂದು ಮೂತಿಯಿಂದ ಗುದ್ದದೆ ಎಮ್ಮೆ ಸೊರೆ ಬಿಡುತ್ತಿರಲಿಲ್ಲ. ಕೆಚ್ಚಲು ತುಂಬಿದ್ದರೂ ಹಾಲನ್ನು ಕೆಳಗಿಳಿಸದೆ ಬಿಗಿಹಿಡಿದು ನಿಲ್ಲುತ್ತಿತ್ತು. ಅಂಕಮ್ಮ ಎಷ್ಟು ಸವರಿದರೂ ಅಷ್ಟೇ. ಮದ್ದೂರಿನ ಮಾರ್ಕೆಟ್ಟಿಗೆ ಎಳನೀರು ಸಾಗಿಸುವ ಗಂಡ ನಾಗರಾಜು ಒಂದು ಸಂಜೆ ಸಿರಿಂಜನ್ನೂ, ಹಾಲಿಳಿಸಲೆಂದು ಕದ್ದುಮುಚ್ಚಿ ಮಾರುವ ಮದ್ದಿನ ಒಂದು ಸಣ್ಣ ಶೀಶೆಯನ್ನೂ ತಂದ. ಎಮ್ಮೆಗೆ ಚುಚ್ಚಿ ಅವನು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅದು ಹಿಂಗಾಲು ನಡುಗಿಸುತ್ತ ಪಾತ್ರೆ ತುಂಬ ಹಾಲು ಸುರಿಸಿತು.

ನಾಗರಾಜು ಕೆಟ್ಟವನಲ್ಲ. ಹೆಂಡತಿ ಒಣಗುವುದನ್ನು, ಮಗಳು ಅಳುವುದನ್ನು ನೋಡಿ ನೋಡಿ ಅವನಿಗೂ ದಿಕ್ಕು ತಪ್ಪಿತ್ತು. ಶೀಶೆಯ ತಳದಲ್ಲಿ ಉಳಿದದ್ದನ್ನು ಅಲುಗಿಸಿ ನೋಡಿದ.

"ಎರ್ಗೆ ಆಸ್ಪತ್ರೇಲೂ ಇದ್ನೇ ಕೊಡ್ತಾರಂತೆ ಕಣೆ, ಮಾರೋನೇ ಏಳ್ದ. ನಿಂಗೂ ಒಸಿ ಆಕ್ನಾ? ಮಗ ಒಂದೊತ್ತಾದ್ರೂ ಒಟ್ಟೆ ತುಂಬ ಕುಡೀಲಿ."

ಬೇರೆ ದಿನವಾಗಿದ್ದರೆ ಕುಸುಮ ಅವನ ಮುಖಕ್ಕೆ ಉಗಿಯುತ್ತಿದ್ದಳು. ಅಂದು ಅವಳಲ್ಲಿ ಬೈಯುವಷ್ಟು ತ್ರಾಣವೂ ಉಳಿದಿರಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿ ಸುಮ್ಮನೆ ತೋಳು ಚಾಚಿದಳು.

ಅಂಕಮ್ಮ ಹಾಲಿನ ಪಾತ್ರೆ ಕೆಳಗಿಟ್ಟು ಬಂದವಳೇ ಮಗನ ಕೈಯಿಂದ ಶೀಶೆ ಕಿತ್ತು ತಿಪ್ಪೆಗೆ ಎಸೆದಳು. "ಎಮ್ಮೆ ಸೂಜಿ ತಂದು ಎಂಡ್ರಿಗೆ ಚುಚ್ಚಕ್ಕೋಯ್ತೀಯಲ್ಲಾ, ತಲೇಲಿ ಸಗಣಿ ತುಂಬ್ಕಂಡಿದ್ದೀಯೇನ್ಲಾ?" ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. ಚಾಚಿದ ತೋಳನ್ನು ಕುಸುಮ ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅಂಕಮ್ಮ ಏನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ಹೋದಳು. ಅತ್ತೆಯ ಬಾಯಿ ಹಾಗೆ ಅರ್ಧಕ್ಕೇ ಮುಚ್ಚಿದ್ದನ್ನು ಕುಸುಮ ಮದುವೆಯಾಗಿ ಬಂದ ಮೇಲೆ ಕಂಡಿರಲಿಲ್ಲ.

ಮಾರನೆಯ ದಿನ ಊಟದ ಬೆಲ್ಲಾಗುತ್ತಿದ್ದಂತೆ ವಾಚ್‌ಮನ್ ಮರಿಯಯ್ಯ ಹುಡುಕಿಕೊಂಡು ಬಂದ.

"ಗೇಟ್ತಾವ ನಿಮ್ಮತ್ತೆ ಬಂದವ್ರೆ ಕಣವ್ವ. ಕೂಸ್ನೂ ಎತ್ಕಂಡ್ ಬಂದವ್ರೆ."

ಕೂಸಿಗೆ ಏನಾಯಿತೋ ಎಂದು ಕುಸುಮ ಗೇಟಿನತ್ತ ಓಡಿದಳು. ಕೂಸಿಗೆ ಏನೂ ಆಗಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದ ಅಂಕಮ್ಮ ಗೇಟಿನಾಚೆ ಹೊಂಗೆ ಮರದಡಿ ನಿಂತು ಮುಖದ ಬೆವರು ಒರೆಸಿಕೊಳ್ಳುತ್ತಿದ್ದಳು. "ಕೂತ್ಕ. ಕುಡ್ಸು," ಎಂದು ಮಗುವನ್ನು ಕೊಟ್ಟು, ರಸ್ತೆಗೆ ಬೆನ್ನು ಮಾಡಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಮರೆಯಾಗಿ ನಿಂತಳು.

ಅಮೃತ ಬಾಯಿ ಹಾಕಿತು, ಚೀಪಿತು, ಬಿಟ್ಟು ಅತ್ತಿತು. ಹೆದ್ದಾರಿಯಲ್ಲಿ ಲಾರಿಗಳು ಹಾರ್ನು ಹೊಡೆಯುತ್ತ ಹೋಗುತ್ತಿದ್ದವು. ಓಡಿಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಬಿಡುವು ಇದ್ದದ್ದೇ ಅರ್ಧ ಗಂಟೆ, ಅದೂ ಕರಗುತ್ತಿತ್ತು.

"ಬರಾಕಿಲ್ಲ ಅತ್ತೆ. ಸುಮ್ನೆ ಬಿಸ್ಲಲ್ಲಿ ಬಂದ್ರಿ. ಇನ್ ಡಬ್ಬಿ ಹಾಲೇ ಆಕ್ಬುಡಿ," ಎಂದಳು ಕುಸುಮ. ಸೋತೆ ಎಂದು ಹೇಳಿಕೊಂಡಾಗ ಬರಬೇಕಾದ ಅಳು ಕೂಡ ಬರಲಿಲ್ಲ, ಅಷ್ಟು ದಣಿದಿದ್ದಳು.

ಅಂಕಮ್ಮ ಸೆರಗು ಇಳಿಸಲಿಲ್ಲ. ಸೊಸೆಯ ಮುಖ ಬಿಟ್ಟು ಮರದ ಕೊಂಬೆ ನೋಡುತ್ತ ಮಾತಾಡಿದಳು.

"ನಾಗ್ರಾಜ ಮೂರ್ ತಿಂಗ್ಳ ಕೂಸಾಗಿದ್ದಾಗ ನಾನು ಕಳೆ ಕೀಳಕ್ಕೆ ಓಯ್ತಿದ್ದೆ. ಗದ್ದೇಲಿ ಎದೆ ಕಟ್ಕಳದು, ಜ್ವರ ಬರದು. ಬದಿನ್ ಮರೇಲಿ ಕೂತ್ಕಂಡು ಮಣ್ಗೆ ಇಂಡಿ ಚೆಲ್ತಿದ್ದೆ. ಆಮೇಕೆ ಅದೂ ನಿಂತೋಯ್ತು." ಜಾರುತ್ತಿದ್ದ ಸೆರಗನ್ನು ಮತ್ತೆ ಬಿಗಿಯಾಗಿ ಹಿಡಿದಳು. "ನಂಗ್ಯಾರೂ ಮಗಾನ ಎತ್ಕಂಡ್ ಬರ್ನಿಲ್ಲ ಕಣಮ್ಮಿ."

ಕುಸುಮ ತಲೆಯೆತ್ತಿದಳು. ಹಿಡಿದು ಹಿಡಿದು ಅಂಕಮ್ಮನ ತೋಳುಗಳು ನಡುಗುತ್ತಿದ್ದವು. ಈ ಹೆಂಗಸಿನ ಮೇಲೆ ಇಷ್ಟು ದಿನ ಹೊತ್ತುಕೊಂಡು ತಿರುಗಿದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಕುಸುಮಳಿಗೆ ತಡೆಯಲಾರದ ಅಳು ಬಂತು. ಅಳುತ್ತಿರುವಾಗಲೇ ಎದೆಯೊಳಗೆ ಇರುವೆ ಹರಿದಂತೆ ಜುಮ್ಮೆಂದಿತು. ಬಾಯಿ ಬಿಟ್ಟು ಅಳುತ್ತಿದ್ದ ಕೂಸು ಮತ್ತೆ ಹಿಡಿಯಿತು, ಗುಟುಕರಿಸಿತು, ಉಸಿರು ತೆಗೆದುಕೊಂಡು ಮತ್ತೆ ಗುಟುಕರಿಸಿತು.

ಒಳಗೆ ಬೆಲ್ಲು ಹೊಡೆಯಿತು. ಗೇಟಿನಿಂದ ಮರಿಯಯ್ಯ ಕೈಬೀಸಿ ಕರೆದ.

"ಅತ್ತೆ, ಬೆಲ್ಲಾಯ್ತು."

"ಒಡ್ಕಳ್ಳಿ ಬುಡು," ಎಂದಳು ಅಂಕಮ್ಮ, ಸೆರಗನ್ನು ಇನ್ನಷ್ಟು ಮೇಲಕ್ಕೆತ್ತಿ. "ಇನ್ನೊಂದ್ ಕಡೀಕೂ ಆಕು."